ಆಸಾಡಿಯ ಅಷ್ಟಮಿ

ತೆಕ್ಕಟ್ಟೆಯ ಜಿತೇಂದ್ರನಿಗೆ ಬಾಯಿ ಬೊಂಬಾಯಿ ಎಂದು ಊರವರು ಹೇಳುವುದರಲ್ಲಿ ಸುಳ್ಳೇನಿಲ್ಲ. ಮನುಷ್ಯ ನಿಜಕ್ಕೂ ಇಪ್ಪತ್ತೆರಡು ವರ್ಷ ಬೊಂಬಾಯಿಯಲ್ಲಿದ್ದು ಬಂದವನು. ಹನ್ನೆರಡನೆಯ ವಯಸ್ಸಿಗೆ ಮೇಷ್ಟ್ರ ಬೆತ್ತಕ್ಕೆ ಹೆದರಿ ಓಡಿಹೋಗಿ, ಹೋಟೆಲಿನಲ್ಲಿ ಲೋಟ ತೊಳೆದು, ಕೊನೆಗೆ ಅದೇ ಹೋಟೆಲಿನ ಗಲ್ಲಾದ ಮೇಲೆ ಕೂರುವಷ್ಟಾದ. ಊರಿಗೆ ಮರಳಿದ ಮೇಲೆ ಹೆದ್ದಾರಿ ಬದಿಯ ತನ್ನ ಮನೆಯ ಮುಂಗೋಣೆಯಲ್ಲಿ ಎಸ್‌ಟಿಡಿ ಬೂತ್ ಇಟ್ಟ. ನಾಲ್ಕು ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ಮೀನು ಮಾರುವವರ ಬುಟ್ಟಿಯಲ್ಲೂ ಮೊಬೈಲ್ ಕಾಣಿಸಿಕೊಂಡು ಬೂತ್ ಮಲಗಿತು. ಜಿತೇಂದ್ರನಿಗೆ ಕೈತುಂಬ ಪುರುಸೊತ್ತು ಸಿಕ್ಕಿತು. ಪುರುಸೊತ್ತಿರುವ ಗಂಡಸಿಗೆ ಒಂದು ತತ್ವವೂ ಸಿಕ್ಕಿಬಿಟ್ಟರೆ ಹೆಂಡತಿ ಮಕ್ಕಳ ಗತಿ ದೇವರಿಗೇ ಪ್ರೀತಿ. ಶಾಲೆ ಎಂಬುದು ಮಕ್ಕಳನ್ನು ಹೆದರುಪುಕ್ಕಲರನ್ನಾಗಿ ಮಾಡುವ ಜಾಗ, ನನ್ನ ಮಕ್ಕಳಿಗೆ ನಾನೇ ಮನೆಯಲ್ಲಿ ಕಲಿಸುತ್ತೇನೆ ಎಂದು ಘೋಷಿಸಿ, ಆರನೆಯ ಕ್ಲಾಸಿನಲ್ಲಿದ್ದ ಮಗಳನ್ನು ಬಿಡಿಸಿದ. ಮಗನನ್ನು ಸೇರಿಸಲೇ ಇಲ್ಲ.

ಮಗಳು ಮೋಕ್ಷಿತಾಳಿಗೆ ಈಗ ಹದಿನಾಲ್ಕು. ಮಗ ರತನ್‌ಗೆ ಒಂಬತ್ತು. ಅವರ ಶಾಲೆ ಎಂದರೆ ಆ ಬೂತಿನ ಗಾಜಿನ ಗೂಡು. ಒಳಗೆ ಕೂತರೆ ಹೊರಗಿನ ಸದ್ದು ಕೇಳುವುದಿಲ್ಲ, ಏಕಾಗ್ರತೆ ಬರುತ್ತದೆ ಎಂದು ಅಪ್ಪನ ವಾದ. ಮೋಕ್ಷಿತಾ ಅದರೊಳಗೆ ಸ್ಟೂಲಿನ ಮೇಲೆ ಕೂತು ಹಳೆಯ ಪುಸ್ತಕಗಳಿಂದ ಲೆಕ್ಕ ಮಾಡುತ್ತಿದ್ದಳು. ಬೆಳಗ್ಗೆ ಒಂಬತ್ತಕ್ಕೆ ನೀಲಿ ಲಂಗದ ಹುಡುಗಿಯರು ಹೆದ್ದಾರಿ ದಾಟುವುದು ಗಾಜಿನಾಚೆ ಕಾಣುತ್ತಿತ್ತು. ಅವರು ಬಾಯಿ ಆಡಿಸುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಮೂರು ವರ್ಷದಿಂದ ಆಕೆ ಅವರ ಮಾತನ್ನು ತಾನೇ ಊಹಿಸಿಕೊಂಡು ಊಹಿಸಿಕೊಂಡು ಸಾಕಾಗಿ ಹೋಗಿದ್ದಳು. ಅಪ್ಪ ಹೊಡೆದವನಲ್ಲ, ಗದರಿದವನಲ್ಲ. ಹೊಡೆಯುವ ಅಪ್ಪನಾಗಿದ್ದರೆ ಎದುರು ಬೀಳುವುದಕ್ಕಾದರೂ ಒಂದು ನೆವ ಸಿಗುತ್ತಿತ್ತು. ಇವನೋ, ಏನು ಹೇಳಿದರೂ ತಲೆ ಸವರಿ, ಅದನ್ನೇ ಒಂದು ಪಾಠ ಮಾಡಿಬಿಡುತ್ತಿದ್ದ.

ಆ ವರ್ಷದ ಪಾಠ ವ್ಯಾಪಾರ. ಕೈಯಾರೆ ಮಾಡಿ, ಬಾಯಾರೆ ಮಾರಿ, ಅದರಿಂದಲೇ ಗಣಿತ, ಭಾಷೆ, ಬದುಕು ಮೂರನ್ನೂ ಕಲಿಯಬೇಕು. ಮೊದಲು ಮೇಣದಬತ್ತಿ ಮಾಡಿಸಿದ, ಅವು ಸೊಟ್ಟಗಾದವು. ಆಮೇಲೆ ಮಣ್ಣಿನ ಹಣತೆ. ಒಣಗುವ ಮೊದಲೇ ಮಳೆ ಹಿಡಿಯಿತು. ಅಷ್ಟಮಿ ಹತ್ತಿರ ಬರುತ್ತಿದೆಯೆಂದು ಕಂಡಾಗ ಅವನಿಗೆ ಕೊಟ್ಟೆಯ ಯೋಚನೆ ಹೊಳೆಯಿತು. ಹಲಸಿನ ನಾಲ್ಕು ಎಲೆಗಳನ್ನು ಪೊರಕೆಯ ಹಿಡಿಕಡ್ಡಿಯಿಂದ ಚುಚ್ಚಿ ಲೋಟದ ಹಾಗೆ ಮಾಡಿದರೆ ಅದೇ ಕೊಟ್ಟೆ. ಹಿಟ್ಟು ಹೊಯ್ದು ಬೇಯಿಸಿದರೆ ಕಡುಬು. ಅಷ್ಟಮಿಯ ದಿನ ಕಡುಬಿಲ್ಲದ ಮನೆ ಈ ಕಡೆ ಇಲ್ಲ, ಕೊಟ್ಟೆ ಕಟ್ಟಲು ಪುರುಸೊತ್ತಿರುವ ಹೆಂಗಸರು ಈಗ ಕಡಿಮೆ. ಜಿತೇಂದ್ರನ ತಲೆ ಓಡಿದ್ದರಲ್ಲಿ ತಪ್ಪೇನಿರಲಿಲ್ಲ.

ಇಂಥ ಹೊತ್ತಿನಲ್ಲೇ ಹೈಸ್ಕೂಲಿನ ವಿನಯಾ ಟೀಚರ್ ಬಂದರು. ಶಾಲೆ ಬಿಟ್ಟ ಮಕ್ಕಳ ಪಟ್ಟಿ ಹಿಡಿದು ಮನೆಮನೆ ಸುತ್ತುತ್ತಿದ್ದರು. ಈ ತಿಂಗಳೊಳಗೆ ಬಂದರೆ ಮೋಕ್ಷಿತಾಳನ್ನು ಪರೀಕ್ಷೆ ಮಾಡಿ ಒಂಬತ್ತನೆಯ ಕ್ಲಾಸಿಗೆ ಸೇರಿಸಿಕೊಳ್ಳಬಹುದು, ಈ ವರ್ಷವೂ ತಪ್ಪಿದರೆ ತನ್ನ ಕೈಯಲ್ಲೇನೂ ಇರುವುದಿಲ್ಲ ಎಂದು ವಿನಯದಿಂದಲೇ ಹೇಳಿದರು. ಜಿತೇಂದ್ರ ಅವರಿಗೆ ಚಹಾ ಕೊಟ್ಟು ಮುಕ್ಕಾಲು ಗಂಟೆ ಉಪನ್ಯಾಸವನ್ನೂ ಕೊಟ್ಟ. ಟೀಚರ್ ಜಗ್ಗಲಿಲ್ಲ. ಕೊನೆಗೆ ಅವನಿಗೆ ಹುರುಪೇರಿತು.

"ಟೀಚರೇ, ಈ ಅಷ್ಟಮಿಗೆ ನನ್ನ ಮಕ್ಳ್ ಇನ್ನೂರ್ ಕೊಟ್ಟೆ ಮಾಡಿ ಮಾರ್ಕಂಡ್ ಬತ್ರ್. ಒಂದೇ ಒಂದ್ ಮಾರ್ದೆ ಒಳ್ದ್ರೂ ನಾನೇ ಇಬ್ರ ಕೈ ಹಿಡ್ಕಂಡ್ ನಿಮ್ ಶಾಲಿಗ್ ಬತ್ತೆ. ಎಲ್ಲ ಮಾರಿರೆ ನೀವ್ ಮತ್ತೆ ಈ ಬದಿ ಬಪ್ಪುಕಿಲ್ಲೆ."

ಟೀಚರ್ ಆಗಲಿ ಎಂದರು. ಹೊರಡುವಾಗ ಮೋಕ್ಷಿತಾಳ ಮುಖವನ್ನೊಮ್ಮೆ ನೋಡಿದರು. ಅಪ್ಪ ಆಡಿದ ಮಾತಿಗೆ ತಪ್ಪುವವನಲ್ಲ, ಅದು ಅವಳಿಗೆ ಗೊತ್ತು. ಮೂರು ವರ್ಷದಲ್ಲಿ ಮೊದಲ ಸಲ ಬಾಗಿಲು ಒಂದಿಷ್ಟು ಸಂದು ಬಿಟ್ಟಿತ್ತು.

ಅಷ್ಟಮಿ ಯಾವಾಗ ಎಂಬುದನ್ನು ಜಿತೇಂದ್ರ ನೋಡಿದ್ದು ಗೋಡೆಯ ಕ್ಯಾಲೆಂಡರಿನಲ್ಲಿ. ಬೊಂಬಾಯಿಯ ಹಳೆಯ ಸೇಠು ಪ್ರತಿವರ್ಷ ಬಸ್ಸಿನವರ ಕೈಯಲ್ಲಿ ಕಳಿಸಿಕೊಡುವ ಕ್ಯಾಲೆಂಡರ್ ಅದು. ಬರುವ ಶುಕ್ರವಾರದ ಚೌಕದಲ್ಲಿ ಬೆಣ್ಣೆ ಹಿಡಿದ ಕೃಷ್ಣ ಕೂತಿದ್ದ. ಗುರುವಾರ ಮಾರಾಟ ಎಂದು ನಿಶ್ಚಯವಾಯಿತು.

ಮಂಗಳವಾರ ಬೆಳಿಗ್ಗೆ ಮೋಕ್ಷಿತಾ ಅಂಗಳದ ಹಲಸಿನ ಮರದಡಿ ಎಲೆ ಆರಿಸುತ್ತಿದ್ದಾಗ ಶಾಲೆಯ ಹುಡುಗಿಯರು ಬೇಲಿಯಾಚೆ ಹೋದರು. ಶುಕ್ರವಾರ ವಿಜ್ಞಾನದ ಕಿರುಪರೀಕ್ಷೆ, ಏನೂ ಓದಿಲ್ಲ ಎಂದು ಒಬ್ಬಳು ಗೊಣಗುತ್ತಿದ್ದಳು. ಮೋಕ್ಷಿತಾಳ ಕೈ ನಿಂತಿತು. ಅಷ್ಟಮಿಗೆ ಶಾಲೆಗೆ ರಜೆ ಇರಬೇಕಲ್ಲ! ಶಾಲೆಗೆ ಹೋಗುವ ಮಕ್ಕಳಿಗೆ ಹಬ್ಬ ಯಾವಾಗೆಂದು ಕ್ಯಾಲೆಂಡರ್ ಹೇಳಬೇಕಾಗಿಲ್ಲ, ರಜೆಯ ಪಟ್ಟಿ ಬಾಯಿಪಾಠ ಇರುತ್ತದೆ. ದಿನವೂ ರಜೆ, ಇಲ್ಲವೇ ದಿನವೂ ಶಾಲೆ ಆಗಿರುವ ಮನೆಯಲ್ಲಿ ಮಾತ್ರ ಇಂಥ ತಪ್ಪು ನಡೆಯುತ್ತದೆ.

ಒಳಗೆ ಅವಳ ತಾಯಿ ಹರಿಣಾಕ್ಷಿ ಗೇರುಬೀಜದ ಕಾರ್ಖಾನೆಗೆ ಹೊರಡುವ ಗಡಿಬಿಡಿಯಲ್ಲಿ ಬುತ್ತಿ ಕಟ್ಟುತ್ತಿದ್ದಳು. ಮನೆ ನಡೆಯುತ್ತಿದ್ದದ್ದು ಅವಳ ಸಂಬಳದಲ್ಲಿ. ಆದರೆ ಮಾತಿನ ಖಾತೆ ಗಂಡನದು, ದುಡಿಮೆಯ ಖಾತೆ ಮಾತ್ರ ಇವಳದು. ಅಷ್ಟಮಿ ಯಾವಾಗ ಎಂದು ಮಗಳು ಮೆಲ್ಲಗೆ ಕೇಳಿದಳು.

"ಅಷ್ಟಮಿ ಬಪ್ಪುದ್ ಸೋಣಿ ತಿಂಗಳಗೆ. ಈಗಿನ್ನೂ ಆಸಾಡಿ ಮುಗಿಲಿಲ್ಲೆ ಅಲ್ದಾ?" ಎಂದವಳ ಕೈ ಬುತ್ತಿಯ ಮುಚ್ಚಳದ ಮೇಲೆಯೇ ನಿಂತಿತು.

ವಿಷಯ ಇಷ್ಟೇ. ಬೊಂಬಾಯಿಯ ಕ್ಯಾಲೆಂಡರ್ ಚಂದ್ರನನ್ನು ನೋಡಿ ತಿಂಗಳು ಎಣಿಸುತ್ತದೆ, ಈ ಕಡೆಯ ಜನ ಸೂರ್ಯನನ್ನು ನೋಡಿ ಆಸಾಡಿ, ಆಮೇಲೆ ಸೋಣೆ ಎಂದು ಎಣಿಸುತ್ತಾರೆ. ಕೆಲವು ವರ್ಷ ಎರಡೂ ಅಷ್ಟಮಿ ಜತೆಯಲ್ಲೇ ಬರುತ್ತವೆ, ಯಾರಿಗೂ ತೊಂದರೆಯಿಲ್ಲ. ಈ ಸಲ ನಡುವೆ ಸರಿಯಾಗಿ ಒಂದು ತಿಂಗಳು ಬಿದ್ದಿತ್ತು. ಅಕ್ಕಪಕ್ಕದಲ್ಲಿ ಒಂದು ಮಾತು ಕೇಳಿದ್ದರೆ ಜಿತೇಂದ್ರನಿಗೂ ತಿಳಿಯುತ್ತಿತ್ತು. ಆದರೆ ಹೇಳುವುದರಲ್ಲೇ ಮುಳುಗಿದವನಿಗೆ ಕೇಳುವುದಕ್ಕೆ ಬಿಡುವೆಲ್ಲಿ? ಆಸಾಡಿಯಲ್ಲಿ ಇನ್ನೂರು ಕೊಟ್ಟೆ ಯಾರೂ ಕೊಳ್ಳುವುದಿಲ್ಲ. ಹಲಸಿನ ಎಲೆ ತಿಂಗಳುಗಟ್ಟಲೆ ಕಾಯುವ ಸರಕೂ ಅಲ್ಲ.

ತಾಯಿ ಮಗಳು ಒಬ್ಬರನ್ನೊಬ್ಬರು ನೋಡಿದರು. ಹರಿಣಾಕ್ಷಿ ಬುತ್ತಿಯನ್ನು ಚೀಲಕ್ಕೆ ಹಾಕಿಕೊಂಡಳು.

"ನಾನ್ ಎಂತದೂ ಹೇಳಲಿಲ್ಲೆ. ನೀನೂ ಎಂತದೂ ಕೇಣಲಿಲ್ಲೆ," ಎಂದು ತಗ್ಗಿದ ದನಿಯಲ್ಲಿ ಹೇಳಿ, ಹಿಂದೆ ನೋಡದೆ ಬಸ್ಸಿಗೆ ನಡೆದಳು.

ಎರಡು ದಿನ ಮೋಕ್ಷಿತಾ ಕೊಟ್ಟೆ ಕಟ್ಟಿದಳು. ಮಾರಾಟವಾಗದು ಎಂದು ಗೊತ್ತಿದ್ದೂ ಕಟ್ಟುವುದು ಸುಲಭವಲ್ಲ. ಅವಳ ಬೆರಳು ಎಲೆ ಮಡಚುತ್ತಿದ್ದರೆ ಮನಸ್ಸು ಒಂಬತ್ತನೆಯ ಕ್ಲಾಸಿನ ಬೆಂಚಿನಲ್ಲಿ ಕಿಟಕಿ ಪಕ್ಕದ ಜಾಗ ಹಿಡಿದು ಕೂತಿರುತ್ತಿತ್ತು. ತೊಂದರೆ ಕೊಟ್ಟವನು ರತನ್. ಆ ಹುಡುಗ ಇದನ್ನು ಜೀವದ ಪ್ರಶ್ನೆ ಮಾಡಿಕೊಂಡಿದ್ದ. ಕಡ್ಡಿ ಚುಚ್ಚಿ ಚುಚ್ಚಿ ಎರಡು ಬೆರಳ ತುದಿ ಒಡೆದಿತ್ತು, ಬಟ್ಟೆ ಸುತ್ತಿಕೊಂಡು ಮತ್ತೆ ಕೂರುತ್ತಿದ್ದ. ಸೊಟ್ಟಗಾದದ್ದನ್ನು ತಾನೇ ಬಿಚ್ಚಿ ಹೊಸದಾಗಿ ಕಟ್ಟುತ್ತಿದ್ದ. ಎಂಬತ್ತು ಕೊಟ್ಟೆ ಅವನೊಬ್ಬನೇ ಮಾಡಿದ. ಸಾಕು ಬಿಡು ಎಂದು ಮೋಕ್ಷಿತಾ ಎರಡು ಮೂರು ಸಲ ಹೇಳಿದಳು. ಹೇಳುವಾಗ ಅವನ ಮುಖ ನೋಡಲಿಲ್ಲ.

ಗುರುವಾರ ಬೆಳಿಗ್ಗೆ ಎರಡು ಬುಟ್ಟಿ ಹೊತ್ತು ಬಸ್ಸಿನಲ್ಲಿ ಸಾಲಿಗ್ರಾಮಕ್ಕೆ ಹೋದರು. ಅಪ್ಪ ಬರುವಂತಿಲ್ಲ, ಅದು ಅವನದೇ ನಿಯಮ. ಬಸ್ ನಿಲ್ದಾಣದ ಬಳಿ ಬಸಳೆ, ಹರಿವೆ ಮಾರುವ ಸರಸಕ್ಕನ ಪಕ್ಕದಲ್ಲಿ ಜಾಗ ಸಿಕ್ಕಿತು. ಬುಟ್ಟಿಯ ಮೇಲಿನ ಒದ್ದೆ ಗೋಣಿ ಸರಿಸುತ್ತಿದ್ದಂತೆ ಸರಸಕ್ಕ ಮೂಗಿನ ಮೇಲೆ ಬೆರಳಿಟ್ಟಳು.

"ಆಸಾಡಿಯಗ್ ಎಂತ ಅಷ್ಟಮಿ ಮಕ್ಳೇ? ಯಾರ್ ಕಳ್ಸಿದ್ದ್ ನಿಮ್ನ?"

ಮೋಕ್ಷಿತಾ ಗೋಣಿಯನ್ನು ಮಡಚಿ ಬದಿಗಿಟ್ಟಳು. ರತನ್‌ಗೆ ಆ ಮಾತು ಅರ್ಥವಾಗಲಿಲ್ಲ. ಅವನು ಎದ್ದು ನಿಂತು, ಬಸ್ಸಿಳಿದವರಿಗೆಲ್ಲ ಹ್ವಾಯ್, ಕೊಟ್ಟೆ ಬೇಕಾ, ಅಷ್ಟಮಿ ಕೊಟ್ಟೆ ಎಂದು ಕೂಗತೊಡಗಿದ. ಜನ ನಿಂತು ನೋಡಿದರು. ಕೆಲವರು ನಕ್ಕರು. ಪಾಪ, ಮುಂದಿನ ತಿಂಗಳು ಬಾ ಎಂದು ಒಬ್ಬರು ಬೆನ್ನು ತಟ್ಟಿದರು. ಒಬ್ಬ ಅಜ್ಜಿ ಕನಿಕರಕ್ಕೆ ನಾಣ್ಯ ಕೊಟ್ಟು, ಕೊಟ್ಟೆ ಮುಟ್ಟದೆ ಹೋಗಲು ನೋಡಿದಳು. ರತನ್ ಓಡಿಹೋಗಿ ನಾಣ್ಯ ವಾಪಸು ಕೊಟ್ಟು ಬಂದ. ಮಾರದೆ ದುಡ್ಡು ತೆಗೆದುಕೊಳ್ಳಬಾರದೆಂದು ಅಪ್ಪ ಕಲಿಸಿದ್ದ.

ಹತ್ತು ಗಂಟೆಯಾಯಿತು, ಹನ್ನೊಂದಾಯಿತು. ಮೋಕ್ಷಿತಾ ಕೈಕಟ್ಟಿ ಕೂತೇ ಇದ್ದಳು. ಹೀಗೇ ಮನೆಗೆ ಮರಳುವ ಬಸ್ಸಿನ ತನಕ ಇನ್ನು ನಾಲ್ಕು ಗಂಟೆ ಕೂತರೆ ಸಾಕು, ಏನೂ ಮಾಡದೆ ಕೂತರೆ ಸಾಕು. ಜೀವನದಲ್ಲಿ ಇಷ್ಟು ಸುಲಭದ ಕೆಲಸ ಅವಳಿಗೆ ಯಾರೂ ಹೇಳಿರಲಿಲ್ಲ. ರತನ್‌ನ ಗಂಟಲು ಒಡೆಯಿತು. ಅವನು ಬಂದು ಅವಳ ಪಕ್ಕ ಕುಕ್ಕರಿಸಿ, ಬೆರಳಿನ ಬಟ್ಟೆಯನ್ನು ಬಿಚ್ಚುವುದು ಸುತ್ತುವುದು ಮಾಡತೊಡಗಿದ. ಆಮೇಲೆ ಭುಜ ಅಲುಗಿತು.

"ಅಕ್ಕ, ಮಾರಿ ಹೋಗ್ದಿರೆ ನಮ್ನ ಶಾಲಿಗ್ ಹಾಕ್ತ್ರಾ? ಅಲ್ಲ್ ಮೇಷ್ಟ್ರ್ ನನ್ನ ಕೈ ಮುರಿತ್ರಾ?"

ಅಪ್ಪ ಹೇಳುವ ಮೇಷ್ಟ್ರ ಬೆತ್ತದ ಕತೆಯನ್ನು ಮೋಕ್ಷಿತಾ ನೂರು ಸಲ ಕೇಳಿದ್ದಳು, ಅರ್ಧ ನಂಬಿ ಅರ್ಧ ಬಿಟ್ಟಿದ್ದಳು. ಶಾಲೆಯ ಬಾಗಿಲನ್ನೇ ಕಾಣದ ಈ ಹುಡುಗ ಪೂರ್ತಿ ನಂಬಿದ್ದ. ಒಡೆದ ಬೆರಳಲ್ಲಿ ಎಂಬತ್ತು ಕೊಟ್ಟೆ ಕಟ್ಟಿದ್ದು, ಬೆಳಗಿನಿಂದ ಗಂಟಲು ಹರಿಯುವಂತೆ ಕೂಗಿದ್ದು ಆ ಹೆದರಿಕೆಗೆ. ಹಾಗೇನೂ ಮಾಡುವುದಿಲ್ಲ, ವಿನಯಾ ಟೀಚರ್ ಒಳ್ಳೆಯವರು ಎಂದು ಆಕೆ ಸಮಾಧಾನ ಹೇಳಿದಳು. ಅವನಿಗೆ ಅದು ಕಿವಿಗೇ ಹೋಗಲಿಲ್ಲ. ಬಿಕ್ಕಳಿಕೆ ಹತ್ತಿ ಉಸಿರು ಸಿಕ್ಕಿಕೊಳ್ಳುವ ಹಾಗಾಯಿತು. ಸರಸಕ್ಕ ಬಸಳೆ ಬಿಟ್ಟು ಎದ್ದು ಬಂದು ನೀರು ಕುಡಿಸಿದಳು, ಮಗುವನ್ನು ಹೀಗೆ ಅಳಿಸುವುದಾ ಎಂದು ಮೋಕ್ಷಿತಾಳನ್ನೇ ಗದರಿಸಿದಳು.

ಇನ್ನು ನಾಲ್ಕು ಗಂಟೆ. ಮೋಕ್ಷಿತಾ ತಮ್ಮನ ತಲೆಯನ್ನು ನೋಡಿದಳು, ರಸ್ತೆಯನ್ನು ನೋಡಿದಳು, ಮತ್ತೆ ಅವನ ತಲೆಯನ್ನು ನೋಡಿದಳು. ತನ್ನ ಮೇಲೆಯೇ ಅವಳಿಗೆ ಸಿಟ್ಟು ಬಂತು. ಎದ್ದು ಬುಟ್ಟಿ ಎತ್ತಿಕೊಂಡಳು.

ನಿಲ್ದಾಣದ ಎದುರು ಅಣ್ಣಯ್ಯ ಎಂಬವರ ಹೋಟೆಲು. ಮಳೆಗಾಲದಲ್ಲಿ ಗಿರಾಕಿ ಕಡಿಮೆ, ಅವರು ಗಲ್ಲಾದಲ್ಲಿ ಕೂತು ಪೇಪರ್ ಮಡಚಿ ನೊಣ ಹೊಡೆಯುತ್ತಿದ್ದರು. ಕೊಟ್ಟೆ ನೋಡಿ ಅವರೂ ನಕ್ಕರು. ಮೋಕ್ಷಿತಾ ನಗಲಿಲ್ಲ. ಅಷ್ಟಮಿಗೆ ಎಲ್ಲರ ಮನೆಯಲ್ಲೂ ಕಡುಬಿರುತ್ತದೆ, ಆಗ ನಿಮ್ಮಲ್ಲಿ ಯಾರು ತಿನ್ನುತ್ತಾರೆ? ಯಾರ ಮನೆಯಲ್ಲೂ ಇಲ್ಲದಿರುವುದು ಈಗ. ಹೀಗೆ ಶುರುಮಾಡಿದಳು. ಅವರು ಪೇಪರ್ ಕೆಳಗಿಟ್ಟರು, ಅವಳು ಮುಂದುವರಿಸಿದಳು.

"ದುಡ್ಡ್ ಈಗ ಬ್ಯಾಡ. ಇಡ್ಲಿ ಹಿಟ್ಟೇ ಇತ್ತಲೆ, ಇಪ್ಪತ್ತ್ ಕೊಟ್ಟಿಗೆ ಹೊಯ್ದ್ ಬೇಯ್ಸಿ. ಮುಚ್ಚಳ ಮಾತ್ರ ಬಾಗ್ಲ್ ಬದಿಯಗೆ ತೆಗಿನಿ. ಬಸ್ಸಿನವ್ರ್ ಒಳ್ಗ್ ಬರ್ದಿರೆ ನಾವ್ ಹೋತೊ."

ಅಣ್ಣಯ್ಯನವರಿಗೆ ಬೇರೆ ಕೆಲಸವೂ ಇರಲಿಲ್ಲ. ಇಪ್ಪತ್ತು ಬೇಯಿಸಿದರು. ಕುಂದಾಪುರದ ಬಸ್ಸು ಬಂದು ನಿಂತ ಹೊತ್ತಿಗೆ ಸರಿಯಾಗಿ ಮುಚ್ಚಳ ತೆಗೆಸಿದಳು. ಬೆಂದ ಹಲಸಿನ ಎಲೆಯ ಘಮ ರಸ್ತೆಗೆ ನುಗ್ಗಿತು. ಮೊದಲು ಕಂಡಕ್ಟರ್ ಇಳಿದು ಬಂದ, ಅವನ ಹಿಂದೆ ನಾಲ್ವರು. ಮುಂದಿನ ಬಸ್ಸಿಗೆ ಪಾತ್ರೆ ಖಾಲಿ. ಹತ್ತಿರದ ಅಂಗಡಿಯವರು ಮನೆಗೆ ಕಟ್ಟಿಕೊಡಿ ಎಂದು ಕೇಳಿದಾಗ ಅಣ್ಣಯ್ಯ ಒಳಗೆ ಇನ್ನಷ್ಟು ಅಕ್ಕಿ ನೆನೆಹಾಕಲು ಹೇಳಿ, ಉಳಿದ ಕೊಟ್ಟೆಗಳನ್ನು ನೀರಿನಲ್ಲಿ ಇಟ್ಟುಕೊಳ್ಳುತ್ತೇನೆ, ಎಲ್ಲ ಕೊಟ್ಟುಬಿಡು ಎಂದರು.

ತನ್ನ ನಾಲಗೆ ಇಷ್ಟು ಸರಾಗವಾಗಿ ಓಡುವುದನ್ನು ಮೋಕ್ಷಿತಾ ಮೊದಲ ಸಲ ಕಂಡದ್ದು. ಅದು ಥೇಟ್ ಅಪ್ಪನ ನಾಲಗೆ.

ಎಣಿಸಿ ಕೊಡುವಾಗ ಒಂದು ಕೊಟ್ಟೆಯನ್ನು ಯಾರೂ ಕಾಣದ ಹಾಗೆ ಬುಟ್ಟಿಯ ತಳದ ಗೋಣಿಯಡಿ ಸರಿಸಿದಳು. ಒಂದು ಹರಿದು ಹೋಗಿದೆ, ಒಟ್ಟು ನೂರ ತೊಂಬತ್ತೊಂಬತ್ತೇ ಎಂದಳು. ಅಣ್ಣಯ್ಯ ಅಷ್ಟಕ್ಕೇ ದುಡ್ಡು ಕೊಟ್ಟರು. ರತನ್‌ನ ಅಳು ನಿಂತಿತ್ತು, ಅಣ್ಣಯ್ಯ ಕೊಟ್ಟ ಕಡುಬನ್ನು ಚಟ್ನಿಯಲ್ಲಿ ಅದ್ದಿ ತಿನ್ನುತ್ತಿದ್ದ. ಇವನೂ ನಗುತ್ತಿದ್ದಾನೆ, ಒಂದು ಕೊಟ್ಟೆಯೂ ಉಳಿದಿದೆ. ಶಾಲೆ ಎಂದರೆ ಹೇಗಿರುತ್ತದೆಂದು ಅವನಿಗೆ ನಿಧಾನಕ್ಕೆ ತಿಳಿಸಿ ಹೇಳಿದರಾಯಿತು. ಮೋಕ್ಷಿತಾಳಿಗೆ ಗಾಳಿಯಲ್ಲಿ ನಡೆದಂತಾಯಿತು.

ಬಸ್ಸಿಗೆ ಕಾಯುವಾಗ ಹನಿ ಬಿತ್ತು. ರತನ್ ತಲೆಗೆ ಹೊದೆಯಲು ಬುಟ್ಟಿಯ ಗೋಣಿ ಎಳೆದ.

"ಅಕ್ಕ, ಒಂದ್ ಒಳ್ಕಂಡಿತ್! ಹರಿಲಿಲ್ಲೆ, ಸಮಾ ಇತ್ತ್!"

ಅವಳು ಕೈಚಾಚುವುದರೊಳಗೆ ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದು ರಸ್ತೆಗೆ ಇಳಿದಿದ್ದ. ರತನ್, ನಿಲ್ಲ್ ಎಂದು ಮೋಕ್ಷಿತಾ ಕೂಗಿದಳು. ಲಾರಿಯೊಂದು ಅಡ್ಡ ಹೋಯಿತು. ಅದು ದಾಟಿದಾಗ ಅವನು ಹೋಟೆಲಿನ ಮೆಟ್ಟಿಲ ಮೇಲೆ ನಿಂತು ಅಣ್ಣಯ್ಯನವರ ಕೈಗೆ ಕೊಟ್ಟೆ ಕೊಡುತ್ತಿದ್ದ. ಅವರು ನಕ್ಕು ಒಂದು ನಾಣ್ಯ ಕೊಟ್ಟರು. ಅವನು ನಾಣ್ಯವನ್ನು ಎತ್ತಿ ತೋರಿಸುತ್ತ ಓಡಿ ಬಂದ. ಮೋಕ್ಷಿತಾ ಖಾಲಿ ಬುಟ್ಟಿಯನ್ನು ನೋಡುತ್ತ ನಿಂತಿದ್ದಳು. ಅಳಬೇಕೆನಿಸಿತು. ಅಳು ಬರಲಿಲ್ಲ.

ಸಂಜೆ ಜಿತೇಂದ್ರ ಇಡೀ ಕತೆಯನ್ನು ಎರಡು ಸಲ ಹೇಳಿಸಿಕೊಂಡ. ತಾರೀಖು ತಪ್ಪಾಗಿ ನೋಡಿದ್ದು ತಾನೇ ಎಂದು ಗೊತ್ತಾದಾಗ ತೊಡೆ ತಟ್ಟಿ ನಕ್ಕ; ಮೇಷ್ಟ್ರು ಫೇಲ್, ಮಕ್ಕಳು ಪಾಸ್ ಎಂದು ದಾರಿಯಲ್ಲಿ ಹೋಗುವವರಿಗೆಲ್ಲ ಕೂಗಿ ಹೇಳಿದ. ತನ್ನ ತಪ್ಪೂ ಅವನ ಕೈಯಲ್ಲಿ ಗೆಲುವಾಗಿಬಿಟ್ಟಿತು. ನಾಳೆಯೇ ಹೋಗಿ ವಿನಯಾ ಟೀಚರಿಗೆ ಹೇಳಿಬರುತ್ತೇನೆ ಎಂದ. ರತನ್‌ನನ್ನು ಮಡಿಲಲ್ಲಿ ಕೂರಿಸಿಕೊಂಡು ಬೆರಳಿಗೆ ತೆಂಗಿನೆಣ್ಣೆ ಸವರತೊಡಗಿದ.

"ಅಪ್ಪಯ್ಯ, ನಂಗೆ ಶಾಲಿಗ್ ಹೋಯ್ಕ್," ಎಂದಳು ಮೋಕ್ಷಿತಾ.

ಅವನು ಬೇಸರಿಸಲಿಲ್ಲ. ಮುಖ ಇನ್ನಷ್ಟು ಅರಳಿತು.

"ಅಣ್ಣಯ್ಯನಂಥವ್ರ್ನ ಒಪ್ಸಿದ್ಯಲೆ, ಈಗ ನನ್ನ ಒಪ್ಸ್ ಕಾಂಬೊ. ಶಾಲಿಯಗೆ ಎಂತ ಇತ್ತ್? ನಂಗೆ ಮಾರ್ ಅದ್ನ."

ಅವಳು ಪ್ರಯತ್ನಿಸಿದಳು. ಗೆಳತಿಯರು ಎಂದಳು, ಸರಸಕ್ಕ ಗೆಳತಿಯಲ್ಲವಾ ಎಂದ. ಪರೀಕ್ಷೆ ಎಂದಳು; ಇವತ್ತು ಬರೆದದ್ದೇನು ಎಂದ. ವಿಜ್ಞಾನದ ಪ್ರಯೋಗ ಎಂದಳು. ಹಬೆಯ ಮುಚ್ಚಳ ಬಾಗಿಲ ಕಡೆ ತೆಗೆಸಿದವಳು ನೀನೇ ಅಲ್ಲವಾ ಎಂದ. ಚೌಕಾಸಿ ಮಾಡುವ ಗಿರಾಕಿಯ ಹಾಗೆ ಪ್ರತಿ ಮಾತನ್ನೂ ಕೈಯಲ್ಲಿ ತೂಗಿ ಕೆಳಗಿಡುತ್ತಿದ್ದ. ಅವನಿಗೆ ಬಹಳ ಖುಷಿಯಾಗುತ್ತಿತ್ತು. ಅವಳು ಸೋತರೆ ಇನ್ನೂ ಕಲಿಯಬೇಕು ಎನ್ನುತ್ತಾನೆ, ಗೆದ್ದರೆ ಇಷ್ಟು ಕಲಿತವಳಿಗೆ ಶಾಲೆ ಯಾಕೆ ಎನ್ನುತ್ತಾನೆ.

ಅವಳ ಬಳಿ ಇನ್ನೊಂದೇ ಮಾತು ಉಳಿದಿತ್ತು. ನನಗೆ ಮೊದಲೇ ಗೊತ್ತಿತ್ತು, ಸೋಲಲೆಂದೇ ಹೋಗಿದ್ದೆ, ಆ ಒಂದು ಕೊಟ್ಟೆಯನ್ನು ನಾನೇ ಮುಚ್ಚಿಟ್ಟಿದ್ದೆ, ಶಾಲೆ ನನಗೆ ಅಷ್ಟು ಬೇಕು. ಈ ಮಾತಿಗೆ ಅಪ್ಪನಲ್ಲಿ ಉತ್ತರ ಇರುತ್ತಿರಲಿಲ್ಲವೇನೋ. ಬಾಯಿ ತೆರೆದಳು. ಮಡಿಲಲ್ಲಿದ್ದ ರತನ್ ಎಣ್ಣೆ ಹಚ್ಚಿದ ಬೆರಳುಗಳನ್ನು ಅಗಲಿಸಿ ಹಿಡಿದು, ಅಕ್ಕ ಈಗ ಏನು ಹೇಳುತ್ತಾಳೆಂದು ಕಣ್ಣರಳಿಸಿ ಕಾಯುತ್ತಿದ್ದ. ಬಾಗಿಲಲ್ಲಿ ಗೇರೆಣ್ಣೆಯಿಂದ ಕಪ್ಪಾದ ಕೈಯನ್ನು ಸೆರಗಿಗೆ ಒರೆಸುತ್ತ ಹರಿಣಾಕ್ಷಿಯೂ ನಿಂತಿದ್ದಳು.

ಮೋಕ್ಷಿತಾ ಬಾಯಿ ಮುಚ್ಚಿದಳು. ಇನ್ನೊಂದು ವರ್ಷ ಬೇಕು ನಿನಗೆ, ಆಗ ನನ್ನನ್ನೂ ಒಪ್ಪಿಸುತ್ತೀಯ ಎಂದು ಅಪ್ಪ ಪ್ರೀತಿಯಿಂದ ಹೇಳಿದ. ಹರಿಣಾಕ್ಷಿ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಒಲೆಗೆ ಕಟ್ಟಿಗೆ ತುರುಕುವ ಸದ್ದು ಕೇಳಿತು.

ಬುಟ್ಟಿ ತೊಳೆಯಲು ಅಕ್ಕ ತಮ್ಮ ಬಾವಿಕಟ್ಟೆಗೆ ಹೋದರು. ಅವಳು ಕೊಡಪಾನ ಬಾವಿಗೆ ಇಳಿಸುವಾಗ ರತನ್ ಬುಟ್ಟಿಯ ತಳವನ್ನು ತಿರುಗಿಸಿ ನೋಡುತ್ತಿದ್ದ.

"ಅಕ್ಕ, ಆ ಕೊಟ್ಟೆ ಗೋಣಿ ಅಡಿಗ್ ಹ್ಯಾಂಗ್ ಹೋಯ್ತ್?"

ಹಗ್ಗ ಅವಳ ಕೈಯಲ್ಲಿ ನಿಂತಿತು. ನೀರು ಕೆಳಗಿತ್ತು, ಕಾಣುತ್ತಿರಲಿಲ್ಲ.

"ಮರ್ತ್ ಹೋದ್ದ್," ಎಂದಳು.

"ನಾನ್ ಕಾಣ್ದಿರೆ ನಾವ್ ಸೋತ್ ಹೋತಿತ್ತ್ ಅಲ್ದಾ? ಶಾಲಿಗ್ ಹಾಕ್ತಿದ್ರ್ ಅಲ್ದಾ?"

"ಹೌದ್. ನೀನೇ ಉಳ್ಸಿದ್ದ್ ನಮ್ನ."

ರತನ್ ನೆಮ್ಮದಿಯ ಉಸಿರು ಬಿಟ್ಟು ಅವಳ ಸೊಂಟ ತಬ್ಬಿಕೊಂಡ. ಎಣ್ಣೆಯ ಬೆರಳುಗಳು ಅವಳ ಲಂಗಕ್ಕೆ ಒತ್ತಿಕೊಂಡವು. ಮುಂದಿನ ತಿಂಗಳು ನಿಜವಾದ ಅಷ್ಟಮಿಗೆ ನಾನೂರು ಕೊಟ್ಟೆ ಮಾಡುವಾ ಎಂದ. ಮೋಕ್ಷಿತಾ ಆಯಿತು ಎಂದು ಹೇಳಿ ಕೊಡಪಾನ ಮೇಲೆಳೆದಳು.